ಮಾಯವ್ವನ ಗಿಡ್ಡ ಕುದುರೆಯ ಬೆಲೆ

ಖಾನಾಪುರದ ಮೈಲಾರಲಿಂಗ ಮೂವತ್ತು ವರ್ಷ ಕುದುರೆ ದಲಾಲಿ ಮಾಡಿದ. ಕುದುರೆಯ ಬಾಯಿ ತೆರೆದು ಹಲ್ಲು ನೋಡಿದನೆಂದರೆ ಅದರ ವಯಸ್ಸಷ್ಟೇ ಅಲ್ಲ, ಮಾರುವವನ ಅಡಚಣೆಯೂ ಅವನಿಗೆ ತಿಳಿಯುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಆದರೆ ಯಾರೂ ಕೇಳದೆ ಕುದುರೆಯ ಖೋಡಿಯನ್ನು, ಅಂದರೆ ದೋಷವನ್ನು, ತಾನಾಗಿ ಹೇಳಿದವನೂ ಅಲ್ಲ.

ಎಪ್ಪತ್ತರ ದಶಕದಲ್ಲಿ ಬೆಳಗಾವಿಯ ಟಾಂಗಾದವರು ಎತ್ತರದ ಕುದುರೆಗೆ ಸಾವಿರದವರೆಗೆ ಕೊಡುತ್ತಿದ್ದರು. ಸೊಂಟದೆತ್ತರದ ಗಿಡ್ಡ ತಟ್ಟುಗಳನ್ನು ಇನ್ನೂರಕ್ಕೂ ಕೇಳುವವರಿರಲಿಲ್ಲ. ಅಂಥದೊಂದು ತಾಯಿಸತ್ತ ಮರಿಯನ್ನು ಅವನ ಹೆಂಡತಿ ಮಾಯವ್ವ ಆಡಿನ ಹಾಲು ಕುಡಿಸಿ ಸಾಕಿದ್ದಳು. ಆಮೇಲೆ ಆಟೋರಿಕ್ಷಾಗಳು ಬಂದು ಟಾಂಗಾದವರ ಅನ್ನಕ್ಕೆ ಕಲ್ಲು ಹಾಕಿದವು. ಎತ್ತರದ ಕುದುರೆ ಮುನ್ನೂರಕ್ಕಿಳಿಯಿತು. ಅತ್ತ ಮಕ್ಕಳ ಸವಾರಿಗೆಂದು ಗಿಡ್ಡವುಗಳ ಬೆಲೆ ಏರಿದ್ದು ಮಾತ್ರ ನಮ್ಮ ಪಂಡಿತನಿಗೆ ಗೊತ್ತಾಗಲಿಲ್ಲ. ಅವನ್ನು ಅವನು ಕುದುರೆಗಳ ಲೆಕ್ಕಕ್ಕೇ ಹಿಡಿದಿರಲಿಲ್ಲ.

೧೯೮೪ರ ಬೇಸಿಗೆಯಲ್ಲಿ ಮೈಲಾರಲಿಂಗ ಮಾಯವ್ವನ ತಟ್ಟುವಿನ ಮೇಲೆ ಹುಲ್ಲು ಹೇರಿಕೊಂಡು ಸಂತೆಗೆ ಬಂದಿದ್ದ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಸುತ್ತಿಸುವ ಗುರುಪುತ್ರಪ್ಪ ಅದನ್ನು ನೋಡಿ, ಟವೆಲ್ ಅಡಿ ಕೈ ಚಾಚಿದ. ಹಾಗೆ ಮರೆಯಲ್ಲಿ ಬೆರಳು ಹಿಡಿದೇ ಬೆಲೆ ಮಾತಾಡುವುದು ಅಲ್ಲಿನ ಪದ್ಧತಿ. ಚಾಚಿದ ಕೈಗೆ ಮಾರುವುದಿಲ್ಲ ಎನ್ನುವುದು ಅಪಮಾನ. ಎದುರಿನವನು ನಕ್ಕು ಎದ್ದುಹೋಗುವಂಥ ಬೆಲೆ ಹೇಳಿ ಬಿಡಿಸಿಕೊಳ್ಳಬೇಕು.

“ಸಾವಿರದ ಮಾತು ನೋಡ್ರಿ,” ಎಂದು ಮೈಲಾರಲಿಂಗ ಅವನ ಮೂರು ಬೆರಳು ಹಿಡಿದ. ಅಂದರೆ ಮೂರು ಸಾವಿರ.

ಗುರುಪುತ್ರಪ್ಪ ನಗಲಿಲ್ಲ. ಕೈ ಅದುಮಿದ. ವ್ಯಾಪಾರ ಮುಗಿಯಿತು. ಅಲ್ಲಿಂದ ಹಿಂದೆ ಸರಿದ ದಲಾಲಿಗೆ ಮುಂದಿನ ಸಂತೆಯಲ್ಲಿ ಒಂದು ಕಪ್ ಚಹಾ ಸಹ ಹುಟ್ಟುವುದಿಲ್ಲ.

ಮಾಯವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಗುಡುಗಿಗೆ ಅಂಜತೈತಿ, ಹಗ್ಗಾ ಹರಕೊಂಡು ಓಡತೈತಿ ಅಂತ ಹೇಳೀರಿಲ್ಲೋ ಅವರಿಗೆ?” ಎಂದಷ್ಟೇ ಕೇಳಿದಳು.

ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಮರುದಿನ ಹಣವನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದ. ಖೋಡಿ ತಿಳಿದರೆ ಗುರುಪುತ್ರಪ್ಪ ತಾನಾಗಿಯೇ ತಟ್ಟು ಮರಳಿಸಿಯಾನು ಎಂಬ ಆಸೆ. ಅವನು ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ.

“ಹಂಗಿದ್ರ ಐದನೂರು ಕಡಿಮಿ ಮಾಡ್ರಿ.”

ಮೈಲಾರಲಿಂಗ ಎಣಿಸಿ ಕೊಟ್ಟ. “ಗುಡುಗಿದಾಗ ಬಾಜೂಕ ನಿಂತು ಕಿವಿ ಮುಚ್ರಿ. ನನ್ನ ಹೇಣ್ತಿ ಹಂಗ ಮಾಡತಾಳ.”

“ಆಳಿಗೆ ಹೇಳತೀನಿ ಬಿಡ್ರಿ,” ಎಂದು ಗುರುಪುತ್ರಪ್ಪ ಒಳಗೆ ಹೋದ.

ಅದೇ ವಾರ ಒಂದು ಮಧ್ಯಾಹ್ನ ಖಾನಾಪುರದಲ್ಲಿ ಗುಡುಗಿತು. ಮಾಯವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಕೊಟ್ಟಿಗೆಯವರೆಗೆ ಓಡಿ, ಅಲ್ಲೇ ನಿಂತುಬಿಟ್ಟಳು. ಮೈಲಾರಲಿಂಗನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೋಗಿ ಅವಳ ಪಕ್ಕ ನಿಂತ.

“ಬೆಳಗಾವ್ಯಾಗೂ ಗುಡುಗತಿರಬೇಕು,” ಎಂದಳು ಮಾಯವ್ವ.