ತೊರೆಯ ಈಚೆ ದಡ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅವಳಿಗೆ ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಯಾರ ಮಾತನ್ನೂ ತೆಗೆದುಹಾಕಿ ಗೊತ್ತಿರಲಿಲ್ಲ. ಮೇಲ್ವಿಚಾರಕರು ಭಾನುವಾರ ಬಾ ಅಂದರೆ ಹೋಗುವಳು, ನಾದಿನಿ ಮಕ್ಕಳನ್ನು ನೋಡಿಕೋ ಅಂದರೆ ನೋಡಿಕೊಳ್ಳುವಳು. ಶಾಲೆಯ ಕಾಲದ ಗೆಳತಿಯರಿಬ್ಬರು, ಒಬ್ಬಳು ಟೀಚರು, ಇನ್ನೊಬ್ಬಳು ನರ್ಸು, ಮೂರು ದಿನ ಬೆಟ್ಟ ಸುತ್ತೋಣ ಅಂದಾಗಲೂ ಬ್ಯಾಗು ಬೆನ್ನಿಗೇರಿಸಿ ಹೊರಟಿದ್ದಳು.

ಎರಡನೆಯ ದಿನ ಮಧ್ಯಾಹ್ನ ಬಿರುಗಾಳಿ ಎದ್ದಿತು. ಮಳೆ ಮುಖಕ್ಕೆ ರಾಚುತ್ತಿತ್ತು. ತಂಗಬೇಕಾಗಿದ್ದ ಗುಡಿಸಲು ತೊರೆಯ ಆಚೆಗಿತ್ತು. ಮೊಣಕಾಲುದ್ದ ಇರಬೇಕಾದ ನೀರು ಕೆಂಪಗೆ ಉಕ್ಕುತ್ತಿತ್ತು. ಟೀಚರು ಬ್ಯಾಗಿಗೆ ಕಟ್ಟಿದ್ದ ಹಗ್ಗ ಬಿಚ್ಚಿದಳು.

"ಹಗ್ಗ ಹಿಡ್ಕೊಂಡು ದಾಟಿಬಿಡೋಣ. ಹತ್ತೇ ಹೆಜ್ಜೆ. ಇಲ್ಲೇ ನಿಂತ್ರೆ ಚಳಿಗೆ ಸಾಯ್ತೀವಿ."

"ನಾನು ಬರಲ್ಲ ಕಣೆ," ಅಂದಳು ಅಂಚೆಯವಳು. ತನ್ನ ದನಿ ತನಗೇ ಹೊಸದಾಗಿ ಕೇಳಿತು. "ನಿನ್ನನ್ನೂ ಬಿಡಲ್ಲ."

"ಪುಕ್ಕಲು ನೀನು. ಕರ್ಕೊಂಡು ಬಂದಿದ್ದೇ ತಪ್ಪು."

ಟೀಚರು ನೀರಿಗೆ ಕಾಲಿಟ್ಟೇಬಿಟ್ಟಳು. ಅಂಚೆಯವಳು ಹಿಂದಿನಿಂದ ಅವಳ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಕುಕ್ಕರಿಸಿದಳು. ಟೀಚರು ಬೈದಳು, ಕೊಸರಾಡಿದಳು. ನರ್ಸು ಯಾರ ಪರ ವಹಿಸಬೇಕೆಂದು ತಿಳಿಯದೆ ನಿಂತಿದ್ದಳು. ಅಷ್ಟರಲ್ಲಿ ಬೇರುಸಹಿತ ಕಿತ್ತುಬಂದ ಮರವೊಂದು ತೊರೆಯ ನಡುವೆ ಉರುಳುತ್ತ ಹೋಯಿತು. ಟೀಚರ ಕೊಸರಾಟ ನಿಂತಿತು.

ಮೂವರೂ ಬಂದ ದಾರಿಯಲ್ಲೇ ಮರಳಿದರು. ಕತ್ತಲಾಗುವ ಮೊದಲು, ಬೆಳಿಗ್ಗೆ ಹಾದುಬಂದಿದ್ದ ಹಳ್ಳಿಯ ಬಸ್ ನಿಲ್ದಾಣ ಸಿಕ್ಕಿತು. ಬೆಂಚಿನ ಮೇಲೆ ಕೂತು ಒದ್ದೆ ಕಾಲುಚೀಲ ಹಿಂಡುತ್ತ ಟೀಚರು ಕೇಳಿದಳು: "ನೀರು ನೋಡಿ ಅಷ್ಟೊಂದು ಭಯ ಆಯ್ತಾ ನಿಂಗೆ?"

"ನೀರಿಗಲ್ಲ ಕಣೆ, ನಿಂಗೆ ಬರಲ್ಲ ಅನ್ನೋಕೆ ಹೆದರಿದ್ದೆ."

ನರ್ಸು ನಕ್ಕಳು. ಟೀಚರು ನಗಲಿಲ್ಲ. ಪಕ್ಕಕ್ಕೆ ಸರಿದು ಅಂಚೆಯವಳಿಗೆ ಜಾಗ ಮಾಡಿಕೊಟ್ಟಳು.