ಹೂಮಳೆಯ ಗ್ರಾಫ್ ಹಾಕಿದವರು

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನ್ನ ಗಂಡನ ಅಣ್ಣ ಬೆಂಗಳೂರಿನಿಂದ ಒಂದು ಕಂಪ್ಯೂಟರ್ ತಂದರು. ಕೊಟ್ಟಿಗೆಹಾರದಿಂದ ನಮ್ಮ ಕಾಫಿ ಎಸ್ಟೇಟಿನವರೆಗೆ ಅದು ಹಾಸಿಗೆ ಸುತ್ತಿಕೊಂಡು ಜೀಪಿನಲ್ಲಿ ಬಂತು. ಆಮೇಲೆ ತಿಂಗಳುಗಟ್ಟಲೆ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಯಾರೂ ಮುಟ್ಟುವ ಹಾಗಿರಲಿಲ್ಲ.

ಗ್ರಾಫ್ ಹಾಕುವ ಆಸೆ ನನ್ನದು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಈ ಮನೆಗೆ ಬಂದವಳು ನಾನು. ಬಂದಾಗಿನಿಂದ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರು ಅಳೆದು ಬರೆದಿಡುತ್ತಿದ್ದೆ. ಕಾಫಿ ಗಿಡ ಅರಳಿಸುವ ಮಾರ್ಚ್-ಏಪ್ರಿಲಿನ ಹೂಮಳೆಯನ್ನೂ ಆಯಾ ವರ್ಷದ ಫಸಲನ್ನೂ ಒಂದೇ ಹಾಳೆಯಲ್ಲಿ ಗೆರೆಯಾಗಿ ನೋಡಬೇಕಿತ್ತು.

ಅಂಗಡಿಯವರು ಎರಡು ಗ್ರಾಫ್ ಪ್ರೋಗ್ರಾಮಿನ ಫ್ಲಾಪಿ ಕೊಟ್ಟಿದ್ದರು. ಒಂದರ ಪುಸ್ತಕದ ಮೇಲೆ ಬಣ್ಣಬಣ್ಣದ ಚಿತ್ರ. ಭಾವ ಅದನ್ನೇ ಹಿಡಿದರು.

"ಭಾವ, ಇದಕ್ಕೆ ಕಂಪ್ಯೂಟರಿನೊಳಗೆ ಚಿತ್ರದ ಕಾರ್ಡ್ ಬೇರೆ ಹಾಕ್ಬೇಕು ಅಂತ ಪುಸ್ತಕದಲ್ಲಿದೆ. ನಮ್ಮದ್ರಲ್ಲಿ ಅಕ್ಷರ ಮಾತ್ರ ಬರೋದು," ಎಂದೆ.

"ಅಂಗಡಿಯವನಿಗಿಂತ ನಿಂಗೆ ಹೆಚ್ಚು ಗೊತ್ತಾ? ನೀನು ಅಡುಗೆ ನೋಡು ಮಾರಾಯ್ತಿ."

ಮೂರು ದಿನ ಗುದ್ದಾಡಿದರು. ಈ ಪರದೆಯಲ್ಲಿ ಚಿತ್ರ ಬರುವುದಿಲ್ಲ ಎಂದು ಕಂಪ್ಯೂಟರೇ ಪ್ರತಿ ಸಲ ಹೇಳಿತು. ನಾಲ್ಕನೇ ದಿನ ಮೆಣಸಿನ ವ್ಯವಹಾರಕ್ಕೆ ಕಳಸಕ್ಕೆ ಹೋದರು.

ಆ ಮಧ್ಯಾಹ್ನ ನಾನು ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ಸರಿಸಿ ಇನ್ನೊಂದು ಫ್ಲಾಪಿ ಹಾಕಿದೆ. ನಕ್ಷತ್ರದ ಗುರುತುಗಳನ್ನೇ ಜೋಡಿಸಿ ಗೆರೆ ಎಳೆಯುವ ಸಾದಾ ಪ್ರೋಗ್ರಾಮು. ಪ್ರಿಂಟರ್ ಯಾವುದು ಎಂದು ಕೇಳಿತು. ಅದರ ಪಟ್ಟಿಯಲ್ಲಿ ನಮ್ಮದರ ಹೆಸರೇ ಇರಲಿಲ್ಲ. ಮೊದಲು ಆರಿಸಿದ್ದಕ್ಕೆ ಹಾಳೆ ತುಂಬ ಅರ್ಥವಿಲ್ಲದ ಅಕ್ಷರ ಬಂತು, ಮೂರನೆಯದು ಸರಿಹೋಯಿತು. ಎರಡು ಸಲ ಕರೆಂಟ್ ಹೋಗಿ ಟೈಪು ಮಾಡಿದ್ದೆಲ್ಲ ಅಳಿಸಿಹೋಯಿತು. ಸಂಜೆಯ ಹೊತ್ತಿಗೆ ಎರಡೂ ಗೆರೆ ಹಾಳೆಯ ಮೇಲಿದ್ದವು.

ಆ ಹಾಳೆಯನ್ನು ಭಾವ ಮೂಡಿಗೆರೆಯ ಬೆಳೆಗಾರರ ಸಭೆಗೆ ಒಯ್ದರು. ಅಲ್ಲಿ ಏನು ಹೇಳಿದರೆಂದು ನನಗೆ ತಿಳಿದದ್ದು, ಪಕ್ಕದ ತೋಟದ ಹಾಜಿಯವರು ಮನೆಗೆ ಬಂದಾಗ. ನಾನು ಕಾಫಿ ತರುತ್ತಿದ್ದೆ.

"ಭಾರಿ ಚೆಂದ ಹಾಕಿದ್ದೀರಿ ಮಾರಾಯ್ರೆ," ಎನ್ನುತ್ತಿದ್ದರು ಹಾಜಿಯವರು. "ಈ ಒಂದು ವರ್ಷಕ್ಕೆ ಮಾತ್ರ ಮಳೆ ಯಾಕಿಲ್ಲ?"

"ಆ ವರ್ಷ ಹೂಮಳೆ ಬರ್ಲಿಲ್ಲ," ಎಂದರು ಭಾವ, ಎಳ್ಳಷ್ಟೂ ಅಳುಕದೆ.

ಮೈ ಉರಿದುಹೋಯಿತು.

"ಮಳೆ ಬಂದಿತ್ತು. ಅಳೆಯೋಕೆ ನಾನಿರಲಿಲ್ಲ," ಎಂದೆ. "ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಇಷ್ಟು ಜನ ಇದ್ದ ಮನೆಯಲ್ಲಿ ಒಬ್ಬರೂ ಅಂಗಳಕ್ಕೆ ಇಳಿದು ನೋಡ್ಲಿಲ್ಲ."

ಹಾಜಿಯವರು ನನ್ನತ್ತ ತಿರುಗಿದರು. "ಹಂಗಾರೆ ಇದು ನಿಮ್ಮ ಕೆಲಸನಾ ಅಮ್ಮ?"

"ಅವಳು ಟೈಪು ಮಾಡಿದ್ದಷ್ಟೆ," ಎಂದು ಭಾವ ನಕ್ಕರು.

"ಅಳೆದದ್ದೂ ನಾನೇ, ಪ್ರೋಗ್ರಾಮು ಆರಿಸಿದ್ದೂ ನಾನೇ, ಗ್ರಾಫ್ ಹಾಕಿದ್ದೂ ನಾನೇ. ಬೇಕಾದ್ರೆ ಭಾವ ಈಗ ಇನ್ನೊಂದು ಹಾಕಿ ತೋರಿಸ್ಲಿ."

ಭಾವ ಎದ್ದು ಹೊರಗೆ ಹೋದರು. ಮುಂದಿನ ವಾರ ಹಾಜಿಯವರು ತಮ್ಮ ತೋಟದ ಮಳೆ ಪುಸ್ತಕ ತಂದು ನನ್ನ ಕೈಗೇ ಕೊಟ್ಟರು. ಅವರಿಗೂ ಗ್ರಾಫ್ ಹಾಕಿಕೊಟ್ಟೆ.

"ಹೊರಗಿನವರ ಎದುರು ಹಾಗೆ ಹೇಳ್ಬಾರ್ದಿತ್ತು," ಎಂದಿದ್ದರು ನನ್ನ ಗಂಡ, ಭಾವ ಎದ್ದುಹೋದ ದಿನ ರಾತ್ರಿ.

"ಸುಳ್ಳು ಹೇಳ್ಬಾರ್ದಿತ್ತು ಅಂತ ನಿಮ್ಮಣ್ಣಂಗೆ ಹೇಳಿದ್ರಾ?"

ಅವರು ಸುಮ್ಮನಾದರು. ಭಾವನ ಮೇಲಿನ ಸಿಟ್ಟು ಯಾವತ್ತೋ ಇಳಿದಿದೆ. ಇವರು ಸುಮ್ಮನಿದ್ದದ್ದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.