ಪಕ್ಕದ ಮನೆಯ ಬಿಯರ್

ನಾವು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಗೆ ಬಂದ ಮೇಲಿನ ಮೂರನೆಯ ಚಳಿಗಾಲ ಶುರುವಾಗುವುದರಲ್ಲಿತ್ತು. ಪಕ್ಕದ ಮನೆಯ ಹಿರಿಯ ಹೆಂಗಸು ಕಸದ ಡಬ್ಬ ಹೊರಗಿಡಲು ಹೋದವರು ಒದ್ದೆ ಎಲೆಗಳ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಡುಗೆಮನೆಯ ಕಿಟಕಿಯಿಂದ ಆಂಬುಲೆನ್ಸ್ ಕಂಡು ನಾನು ಚಪ್ಪಲಿಯಲ್ಲೇ ಓಡಿದೆ. ಸ್ಟ್ರೆಚರಿನ ಮೇಲಿದ್ದವರು ನನ್ನ ಕೈಗೆ ಮನೆಯ ಬೀಗದ ಕೈ ತುರುಕಿ, "ಗ್ಯಾಸ್ ಆರಿಸಿಬಿಡು, ಲವ್" ಅಂದರು. ಮ್ಯಾಂಚೆಸ್ಟರಿನಲ್ಲಿ ಬಸ್ ಡ್ರೈವರಿನಿಂದ ಹಿಡಿದು ತರಕಾರಿ ಮಾರುವವರವರೆಗೆ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ಆದರೂ ಆ ದಿನ ಆ ಮಾತು ನನಗೊಬ್ಬಳಿಗೇ ಹೇಳಿದ್ದು ಅನ್ನಿಸಿತು.

ಅಲ್ಲಿಯವರೆಗೆ ನಮ್ಮಿಬ್ಬರ ಪರಿಚಯ ಬೇಲಿಯ ಮೇಲಿನದು. ಚಳಿ ಜಾಸ್ತಿ ಅಲ್ಲವೇ, ಹೌದು ಜಾಸ್ತಿ, ಅಷ್ಟೇ. ನನ್ನ ಗಂಡ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಅವರು ಯಾವ ದಿನ ಮನೆಯಲ್ಲಿರುತ್ತಾರೆ ಎಂದು ತಿಳಿಯಲು ಫ್ರಿಜ್ಜಿಗೆ ಅಂಟಿಸಿದ ಡ್ಯೂಟಿ ರೋಟಾ ನೋಡಬೇಕಿತ್ತು. ಮಕ್ಕಳಿರಲಿಲ್ಲ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದ ನಾನು ಮದುವೆಯಾದ ಮೇಲೆ ಕೆಲಸ ಬಿಟ್ಟು ಬಂದಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಬಿಟ್ಟು ಆಡಿದ ಮಾತೆಂದರೆ ಬಸ್ಸಿನಿಂದ ಇಳಿಯುವಾಗ ಹೇಳಿದ ಒಂದು ಥ್ಯಾಂಕ್ಸ್, ಅಂಥ ದಿನಗಳೂ ಇದ್ದವು.

ಆಪರೇಷನ್ ಆದ ಮೇಲೆ ಅವರೇ ವಾರ್ಡಿನಿಂದ ಫೋನ್ ಮಾಡಿದರು.

"ಒಂದು ವಿಚಿತ್ರ ಸಹಾಯ ಬೇಕಿತ್ತು. ಮಹಡಿ ಮೇಲೆ ಬಿಸಿನೀರಿನ ಟ್ಯಾಂಕ್ ಇರೋ ಕಪಾಟಿದೆಯಲ್ಲ, ಅದರೊಳಗೆ ಒಂದು ದೊಡ್ಡ ಬಕೆಟ್ ಇದೆ. ಅದರಲ್ಲಿ ಬಿಯರ್ ಇದೆ."

"ಬಿಯರಾ?"

"ನಾನೇ ಹಾಕಿದ್ದು. ನಗಬೇಡ."

ಅವರ ಗಂಡ ವರ್ಷಗಟ್ಟಲೆ ಮನೆಯಲ್ಲೇ ಬಿಯರ್ ಮಾಡಿಕೊಳ್ಳುತ್ತಿದ್ದರಂತೆ. ನಾವು ಈ ಬೀದಿಗೆ ಬರುವ ಮುಂಚೆಯೇ ತೀರಿಕೊಂಡಿದ್ದರು. ಅವರು ತಂದಿಟ್ಟಿದ್ದ ಮಾಲ್ಟ್ ಪಾಕದ ಡಬ್ಬವೊಂದು ಶೆಲ್ಫಿನಲ್ಲಿ ಹಾಗೇ ಉಳಿದಿತ್ತು. ಅದನ್ನು ಬಳಸಬೇಕಾದ ತಾರೀಖು ಆ ವರ್ಷ ಮುಗಿಯುವುದರಲ್ಲಿತ್ತು. "ಬಿಸಾಡೋಕೆ ಮನಸ್ಸು ಬರಲಿಲ್ಲ," ಅಂದರು. "ಸುಮ್ಮನೆ ಇಟ್ಟುಕೊಂಡು ದಿನಾ ನೋಡೋಕೂ ಆಗ್ತಿರಲಿಲ್ಲ. ಸರಿ, ಮಾಡೇಬಿಡೋಣ ಅಂತ ಡಬ್ಬದ ಮೇಲೆ ಬರೆದ ಹಾಗೆ ಮಾಡಿದೆ. ಈಗ ಅದನ್ನ ಹಾಗೇ ಬಿಟ್ರೆ ಕೆಟ್ಟು ಹೋಗುತ್ತೆ."

"ನಾನು ಬಿಯರ್ ಮುಟ್ಟಿ ಕೂಡ ನೋಡಿಲ್ಲ," ಅಂದೆ.

"ನಾನೂ ಕುಡಿಯಲ್ಲ, ಲವ್. ನಂಗೆ ಕ್ರಿಸ್‌ಮಸ್ಸಿಗೆ ಒಂದು ಗ್ಲಾಸ್ ಶೆರ್ರಿ ಸಾಕು. ನೀನು ಅದು ಆಗಿದೆಯೋ ಇಲ್ಲವೋ ಅಂತ ನೋಡಿದ್ರೆ ಸಾಕು. ಅಲ್ಲೇ ಒಂದು ಗಾಜಿನ ಕಡ್ಡಿ ಇದೆ, ಕೆಳಗೆ ಬುರುಡೆ ಥರ ಇದೆ. ಅದನ್ನ ಬಿಯರಲ್ಲಿ ತೇಲಿಬಿಡಬೇಕಂತೆ. ಹೇಗೆ ನೋಡೋದು ಅಂತ ನಂಗೆ ತಿಳೀಲಿಲ್ಲ."

"ಹೈಡ್ರೋಮೀಟರ್," ಅಂದೆ.

"ಅದೇ. ನಿನಗೆ ಹೇಗೆ ಗೊತ್ತು?"

ನಾಳೆ ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಯಾರೂ ಇಲ್ಲದ ಬೇರೆಯವರ ಮನೆಯೊಳಗೆ ಹೋಗುವಾಗ ಕಳ್ಳಿಯಂತೆ ಹೆಜ್ಜೆಯಿಟ್ಟೆ. ಕಪಾಟಿನ ಬಾಗಿಲು ತೆಗೆದರೆ ಬೆಚ್ಚನೆಯ ಗಾಳಿ, ಅದರ ಜೊತೆಗೆ ಹುಳಿಬಂದ ಬ್ರೆಡ್ಡಿನಂಥ ವಾಸನೆ. ನಮ್ಮ ಮನೆಯಲ್ಲಿ ನಾನೂ ದೋಸೆ ಹಿಟ್ಟನ್ನು ಅಂಥದೇ ಕಪಾಟಿನಲ್ಲಿಡುತ್ತಿದ್ದೆ. ಆ ಚಳಿಯಲ್ಲಿ ಬೇರೆ ಎಲ್ಲಿಟ್ಟರೂ ಹಿಟ್ಟು ಉಬ್ಬುತ್ತಿರಲಿಲ್ಲ. ಬಕೆಟ್ಟಿನ ಮುಚ್ಚಳ ಸರಿಸಿದೆ. ಕಂದು ಬಣ್ಣದ ದ್ರವ, ಅಂಚಿನಲ್ಲಿ ಒಣಗಿದ ನೊರೆಯ ಗುರುತು, ನಡುವೆ ಆಗೊಂದು ಈಗೊಂದು ಗುಳ್ಳೆ. ಒಳಗೆ ಏನೋ ಇನ್ನೂ ಕೆಲಸ ಮಾಡುತ್ತಿತ್ತು.

ಪಾತ್ರೆಗಳನ್ನೆಲ್ಲ ಕುದಿನೀರಿನಲ್ಲಿ ತೊಳೆದು, ಸ್ವಲ್ಪ ಬಿಯರನ್ನು ಉದ್ದನೆಯ ಜಾಡಿಗೆ ಹಾಕಿ, ಹೈಡ್ರೋಮೀಟರನ್ನು ಇಳಿಬಿಟ್ಟು ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಗಾಜಿಗೆ ಗುಳ್ಳೆಗಳು ಅಂಟಿದ್ದರೆ ಅದು ಇರಬೇಕಾದ್ದಕ್ಕಿಂತ ಮೇಲೆ ತೇಲುತ್ತದೆ. ತಿರುಗಿಸಿದರೆ ಅವು ಬಿಟ್ಟುಕೊಳ್ಳುತ್ತವೆ. ಆಮೇಲೆ ಬಗ್ಗಿ ಕಣ್ಣನ್ನು ದ್ರವದ ಮಟ್ಟಕ್ಕೆ ತಂದೆ. "ಮೇಲಿನಿಂದ ನೋಡಬೇಡ್ರೀ, ಕಣ್ಣು ನೇರಕ್ಕೆ ಇರಲಿ" ಎಂದು ಎಷ್ಟು ಹುಡುಗಿಯರಿಗೆ, ಎಷ್ಟು ವರ್ಷ ಹೇಳಿದ್ದೆನೋ. ಪಕ್ಕದ ಮನೆಯ ಖಾಲಿ ಅಡುಗೆಮನೆಯಲ್ಲಿ ಅದೇ ಮಾತನ್ನು ಗಟ್ಟಿಯಾಗಿ ಹೇಳಿಕೊಂಡೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಕಡ್ಡಿ ಹದಿನಾರರ ಗೆರೆಯಲ್ಲಿ ನಿಂತಿತು. ಸಕ್ಕರೆ ಆಲ್ಕೋಹಾಲ್ ಆದಂತೆಲ್ಲ ದ್ರವ ತೆಳುವಾಗಿ ಕಡ್ಡಿ ಕೆಳಗಿಳಿಯುತ್ತದೆ. ಹತ್ತರ ಹತ್ತಿರ ಇಳಿದು, ಮತ್ತೆ ಇಳಿಯದೆ ನಿಂತರೆ ಬಾಟಲಿಗೆ ತುಂಬಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಮುಂಚೆಯೇ ತುಂಬಿದರೆ ಬಾಟಲಿ ಸಿಡಿಯಬಹುದು.

ಆವತ್ತಿನಿಂದ ದಿನಾ ಹೋಗಿ ನೋಡುವುದು, ಸಂಜೆ ವಾರ್ಡಿಗೆ ಹೋಗಿ ವರದಿ ಒಪ್ಪಿಸುವುದು ರೂಢಿಯಾಯಿತು. ಅವರ ಮಗ ದೂರದ ಕಾರ್ನ್‌ವಾಲ್‌ನಲ್ಲಿದ್ದ. ಒಮ್ಮೆ ಬಂದು ಹೋಗಿದ್ದ. ಬೇರೆ ಯಾರೂ ಬರುತ್ತಿರಲಿಲ್ಲ.

"ಹದಿಮೂರು," ಅಂದೆ ಒಂದು ದಿನ.

"ಇಳೀತಿದೆ!" ಎಂದು ದಿಂಬಿನಿಂದ ತಲೆಯೆತ್ತಿ, ಪಕ್ಕದ ಹಾಸಿಗೆಯವರಿಗೂ ಹೇಳಿದರು. ಆಮೇಲೆ ನನ್ನತ್ತ ತಿರುಗಿ, "ನಿಮ್ಮೂರಲ್ಲಿ ಏನು ಕೆಲಸ ಮಾಡ್ತಿದ್ದೆ ನೀನು?" ಎಂದು ಕೇಳಿದರು.

ಇಂಗ್ಲೆಂಡಿಗೆ ಬಂದ ಮೇಲೆ ಹಾಗೆ ಕೇಳಿದವರು ಅವರೊಬ್ಬರೇ. ಕನ್ನಡದ ಡಾಕ್ಟರುಗಳ ಮನೆಗಳಿಗೆ ಹೋದರೆ ನಿಮ್ಮ ಯಜಮಾನರು ಯಾವ ಗ್ರೇಡು, ಮನೆ ಬಾಡಿಗೆಯೋ ಮಾರ್ಟ್‌ಗೇಜೋ ಎಂದು ವಿಚಾರಿಸುತ್ತಿದ್ದರು. ನಾನು ಹೇಳತೊಡಗಿದೆ. ಲ್ಯಾಬಿನ ಕಿಟಕಿ, ಮುರಿದ ಪ್ರಿಸಮ್ಮುಗಳು, ಪರೀಕ್ಷೆಯ ದಿನ ಅಳುವ ಹುಡುಗಿಯರು. ನೋಡಲು ಬಂದವರು ಹೊರಡಬೇಕು ಎಂದು ನರ್ಸ್ ಬಂದು ಹೇಳುವವರೆಗೆ ಮಾತಾಡಿದೆ. ಅಷ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು. ಹೊರಗೆ ಬಸ್‌ಸ್ಟಾಪಿನಲ್ಲಿ ನಿಂತಾಗ ದವಡೆ ನೋಯುತ್ತಿತ್ತು.

ಕಡ್ಡಿ ಹತ್ತಕ್ಕೆ ಇಳಿದು, ಮರುದಿನವೂ ಅಲ್ಲೇ ನಿಂತಿತು. ತುಂಬುವ ಕೆಲಸವೂ ನನ್ನ ಮೇಲೇ ಬಿತ್ತು. ಗ್ಯಾರೇಜಿನಿಂದ ಅವರ ಗಂಡನ ಹಳೆಯ ಕಂದು ಬಾಟಲಿಗಳನ್ನು ತಂದು, ಸ್ಟೆರಿಲೈಸ್ ಮಾಡುವ ಪುಡಿ ಕರಗಿಸಿದ ನೀರಿನಲ್ಲಿ ನೆನೆಸಿ ತೊಳೆದೆ. ಕೆಲವುಗಳಲ್ಲಿ ಜೇಡನ ಬಲೆಯಿತ್ತು. ಬಕೆಟ್ಟನ್ನು ಮಹಡಿಯಿಂದ ಇಳಿಸಿದ್ದೇ ಒಂದು ಸಾಹಸ: ಒಂದೊಂದು ಮೆಟ್ಟಿಲಿಗೂ ಇಟ್ಟು, ಉಸಿರು ಹಿಡಿದು, ತಳದ ಗಸಿ ಕಲಕದಂತೆ ಎತ್ತಿ. ಆದರೂ ಕಲಕಿತು. ಬಕೆಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮತ್ತೆ ತಿಳಿಯಾಗಲಿ ಎಂದು ಒಂದು ದಿನ ಬಿಟ್ಟೆ.

ಮರುದಿನ ರಬ್ಬರ್ ಕೊಳವೆಯ ಒಂದು ತುದಿಯನ್ನು ಬಿಯರಿನಲ್ಲಿ ಮುಳುಗಿಸಿ ಇನ್ನೊಂದನ್ನು ಕೆಳಗಿನ ಬಾಟಲಿಗೆ ಬಿಟ್ಟೆ. ಹರಿಯಲಿಲ್ಲ. ಕೊಳವೆಯಲ್ಲಿ ಮೊದಲು ದ್ರವ ತುಂಬಿಕೊಳ್ಳಬೇಕು, ಅದಕ್ಕೆ ಬಾಯಿಂದ ಎಳೆಯಬೇಕು. ಸೈಫನ್ ಪಾಠ ಮಾಡುವಾಗ ನೀರನ್ನು ಎಷ್ಟೋ ಸಲ ಎಳೆದಿದ್ದೆ. ಈಗ ಕೊಳವೆ ಹಿಡಿದು ಸುಮ್ಮನೆ ನಿಂತೆ. ನಮ್ಮ ಮನೆಯಲ್ಲಿ ಈರುಳ್ಳಿಯೂ ವಾರದ ಕೆಲವು ದಿನ ನಿಷಿದ್ಧ. ಸುತ್ತ ಯಾರೂ ಇರಲಿಲ್ಲ. ಗೋಡೆಯ ಮೇಲೆ ಆ ದಂಪತಿಯ ಮದುವೆ ಫೋಟೊ ಮಾತ್ರ ಇತ್ತು. ಎಳೆದೆ. ಅಂದುಕೊಂಡದ್ದಕ್ಕಿಂತ ಬೇಗ ಬಂದು ಬಾಯಿ ತುಂಬಿತು. ಕಹಿ, ಸಪ್ಪೆ, ತಣ್ಣಗೆ. ಸಿಂಕಿಗೆ ಉಗುಳಬಹುದಿತ್ತು. ಗಾಬರಿಯಲ್ಲಿ ನುಂಗಿಬಿಟ್ಟೆ.

ಬಾಟಲಿಗೆ ಅರ್ಧ ಚಮಚ ಸಕ್ಕರೆ, ಕತ್ತಿನವರೆಗೆ ಬಿಯರ್, ಮೇಲೊಂದು ತಗಡಿನ ಮುಚ್ಚಳ. ಮುಚ್ಚಳ ಒತ್ತುವುದಕ್ಕೆ ಎರಡು ಹಿಡಿಕೆಯ ಇಕ್ಕಳದಂಥದೊಂದು ಇತ್ತು. ಮೊದಲ ಕೆಲವು ವಕ್ರವಾದವು, ಒಂದು ಬಾಟಲಿಯ ಬಾಯಿ ಒಡೆಯಿತು, ನೆಲವೆಲ್ಲ ಅಂಟಂಟು. ಆಮೇಲೆ ಕೈಗೆ ಹದ ಸಿಕ್ಕಿತು. ಕಟಕ್ ಎಂದು ಕೂತಾಗಲೆಲ್ಲ ಒಂದು ಸಣ್ಣ ಸಂತೋಷ. ಕೊನೆಯ ಬಾಟಲಿ ಮುಗಿದಾಗ ಹೊರಗೆ ಕತ್ತಲಾಗಿತ್ತು. ಆ ತಿಂಗಳಲ್ಲಿ ನಾಲ್ಕು ಗಂಟೆಗೇ ಕತ್ತಲು. ಸಾಲಾಗಿ ನಿಂತ ಬಾಟಲಿಗಳನ್ನು ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಯಾರೂ ಇರಲಿಲ್ಲ.

ಗಂಡ ಮನೆಗೆ ಬಂದವರು ಬಾಗಿಲಲ್ಲೇ ಮೂಗರಳಿಸಿದರು. "ಏನೇ ಇದು, ಪಬ್ ವಾಸನೆ?"

ಎಲ್ಲ ಹೇಳಿದೆ. ಬಕೆಟ್ಟಿನಲ್ಲಿ ಉಳಿದದ್ದನ್ನು ಲೋಟದಲ್ಲಿ ತಂದಿದ್ದೆ. ಅವರು ನಗುತ್ತ ಒಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಆಡಿಸಿ, "ಗ್ಯಾಸ್ ಇಲ್ಲ ಇನ್ನೂ. ಬಿಟರ್ ಅನ್ನೋ ಕಹಿ ಬಿಯರ್ ಅಲ್ವಾ? ಲಾಗರ್‌ಗಿಂತ ಇದೇ ವಾಸಿ" ಅಂದರು.

"ನಿಮಗೆ ಹೇಗೆ ಗೊತ್ತು?"

ಅವರು ಲೋಟ ಕೆಳಗಿಟ್ಟರು. "ಶುಕ್ರವಾರ ಕೆಲಸ ಮುಗಿದ ಮೇಲೆ ಆಪರೇಷನ್ ಥಿಯೇಟರಿನೋರೆಲ್ಲ ಪಬ್ಬಿಗೆ ಹೋಗ್ತಾರೆ. ನಾನೂ ಜೊತೆಗೆ ಹೋಗ್ತೀನಿ, ಒಂದೋ ಎರಡೋ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಯಾವಾಗಿಂದ?"

"ಬಂದಾಗಿಂದ."

ಕುಡಿದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಶುಕ್ರವಾರಗಳಲ್ಲಿ ಲೇಟಾಗುತ್ತದೆ ಎಂದು ಹುಳಿ ಬಿಸಿಮಾಡುತ್ತ ಆರಿಸುತ್ತ ಕೂತಿರುತ್ತಿದ್ದೆನಲ್ಲ, ಆ ಹೊತ್ತಿನಲ್ಲಿ ಅವರು ಹತ್ತು ಜನರ ನಡುವೆ ಕೂತು ನಗುತ್ತಿದ್ದರು. ಅದು ನನ್ನನ್ನು ಕೊರೆಯಿತು. "ಊಟಕ್ಕೆ ಬನ್ನಿ," ಅಂದೆ.

"ನೀನು ಬಿಯರ್ ತುಂಬಿದ್ದು ಯಾರಿಗೂ ಹೇಳ್ಬೇಡ," ಅಂದರು ಅವರು ಕೈ ತೊಳೆಯುತ್ತ.

ಆಸ್ಪತ್ರೆಯಿಂದ ಪಕ್ಕದ ಮನೆಯವರನ್ನು ಆರೈಕೆಯ ಮನೆಯೊಂದಕ್ಕೆ ಸಾಗಿಸಿದರು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅಲ್ಲಿ ಗ್ಲಾಸು ಸಿಗಲಿಲ್ಲ, ಟೀ ಕಪ್ಪಿಗೇ ಸುರಿದೆ. ನೊರೆ ಬಂತು! ಇಬ್ಬರೂ ಕಣ್ಣರಳಿಸಿ ನೋಡಿದೆವು. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಹೇಗಿದೆ?"

"ಥೇಟ್ ಅವರು ಮಾಡ್ತಿದ್ದ ಹಾಗೇ ಇದೆ," ಅಂದರು. "ಭಯಂಕರ ಕೆಟ್ಟದಾಗಿದೆ. ಪ್ರತಿ ಸಲ ಚೆನ್ನಾಗಿದೆ ಅಂತ ಸುಳ್ಳು ಹೇಳ್ತಿದ್ದೆ."

ನಗಲು ಶುರು ಮಾಡಿದವರು ಕೆಮ್ಮುವಷ್ಟು ನಕ್ಕರು, ಆಮೇಲೆ ಅತ್ತರು. ನಾನು ಕಪ್ಪು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಹೊರಡುವಾಗ ಕೈ ಹಿಡಿದು, "ನಾನು ಆ ಮನೆಗೆ ವಾಪಸ್ ಬರಲ್ಲ, ಲವ್. ಮೆಟ್ಟಿಲು ಹತ್ತೋಕೆ ಆಗಲ್ಲ. ಮಗ ಕರ್ಕೊಂಡು ಹೋಗ್ತಾನೆ. ಬಾಟಲಿಗಳು ನಿನಗೇ ಇರಲಿ" ಅಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಯುಗಾದಿಯ ಭಾನುವಾರ ನಮ್ಮ ಮನೆಯಲ್ಲಿ ಊಟ. ನಾಲ್ಕಾರು ಕನ್ನಡದ ಡಾಕ್ಟರ ಕುಟುಂಬಗಳು ಬಂದಿದ್ದವು. ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಮುಂದಿನ ಕೋಣೆಯಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತ ಮೆಟ್ಟಿಲ ಮೇಲೆ. ನಾನು ಹಪ್ಪಳದ ತಟ್ಟೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಾಗ ಗಂಡಸರೆಲ್ಲರ ಕೈಯಲ್ಲಿ ನನ್ನ ಬಿಯರಿತ್ತು. ವಾಪಸ್ಸು ಕಾರನ್ನು ಹೆಂಡತಿ ಓಡಿಸುತ್ತಾರೆಂಬ ಧೈರ್ಯದಲ್ಲಿ ಸೊಲಿಹಲ್‌ನ ಹಿರಿಯ ಜಿಪಿಯೊಬ್ಬರು, ಅಂದರೆ ಫ್ಯಾಮಿಲಿ ಡಾಕ್ಟರು, ಎರಡನೆಯ ಗ್ಲಾಸ್ ತುಂಬಿಕೊಳ್ಳುತ್ತಿದ್ದರು.

"ಲೇಬಲ್ಲೇ ಇಲ್ವಲ್ಲಪ್ಪ, ಎಲ್ಲಿ ತಂದೆ ಇದನ್ನ? ಪರವಾಗಿಲ್ಲ, ಚೆನ್ನಾಗಿದೆ."

"ಪಕ್ಕದ್ಮನೆಯೋರು ಮಾಡಿದ್ದು ಸರ್. ಹೋಗುವಾಗ ಕೊಟ್ರು," ಅಂದರು ನನ್ನ ಗಂಡ.

"ಬಾಟ್ಲಿಗೆ ತುಂಬಿದ್ದು ನಾನು," ಅಂದೆ.

ಎಲ್ಲರೂ ನಕ್ಕರು. ನಾನು ತಟ್ಟೆ ಕೆಳಗಿಟ್ಟೆ. "ಹದಿನಾರಿತ್ತು, ಹತ್ತಕ್ಕೆ ಇಳಿದು ನಿಂತ ಮೇಲೆ ತುಂಬಿದೆ. ಬಾಟ್ಲಿಗೆ ಅರ್ಧ ಚಮಚ ಸಕ್ಕರೆ. ಮುಂಚೆಯೇ ತುಂಬಿದ್ರೆ ಸಿಡಿಯುತ್ತೆ."

ನಗು ನಿಂತಿತು. ಗಂಡ ಗ್ಲಾಸಿನೊಳಗೆ ನೋಡುತ್ತಿದ್ದರು. ಹಿರಿಯ ಜಿಪಿ ಸಂಭಾಳಿಸಲು, "ಏನಮ್ಮ, ಮೈಸೂರಲ್ಲಿ ನಿಮ್ಮ ತಾಯಿ ಕೇಳಿಸಿಕೊಂಡ್ರೆ ಏನಂತಾರೆ?" ಅಂದರು.

"ಯಾಕೆ ಇಷ್ಟು ಗಸಿ ಬಿಟ್ಟೆ, ಬಟ್ಟೆಯಲ್ಲಿ ಸೋಸಬಾರದಿತ್ತಾ ಅಂತಾರೆ," ಅಂದೆ. ಅವರು ಗಟ್ಟಿಯಾಗಿ ನಕ್ಕರು. ನಾನು ಅಡುಗೆಮನೆಗೆ ಬಂದು ಕೋಸಂಬರಿಗೆ ಒಗ್ಗರಣೆ ಹಾಕಿದೆ.

ಅತಿಥಿಗಳು ಹೋದ ಮೇಲೆ ಗಂಡ ಪಾತ್ರೆ ಒರೆಸಲು ಬಂದು ನಿಂತರು. "ಶುಕ್ರವಾರ ನೀನೂ ಬರ್ತೀಯಾ?" ಎಂದು ಕೇಳಿದರು. ಒಮ್ಮೆ ಹೋದೆ. ಎಲ್ಲರೂ ಒಳ್ಳೆಯವರೇ, ಆದರೆ ಅವರ ಮಾತೆಲ್ಲ ಆಸ್ಪತ್ರೆಯದು, ನಗುವಿನ ಕಾರಣ ನನಗೆ ಹಿಡಿಯುತ್ತಿರಲಿಲ್ಲ. ಮತ್ತೆ ಹೋಗಲಿಲ್ಲ. ಅದರ ಬದಲು ಕಾಲೇಜೊಂದರ ಲ್ಯಾಬಿನಲ್ಲಿ ಉಪಕರಣ ಜೋಡಿಸಿಕೊಡುವ ಕೆಲಸಕ್ಕೆ ಅರ್ಜಿ ಹಾಕಿದೆ. ಪಾಠ ಮಾಡುವುದಕ್ಕೆ ಇಲ್ಲಿಯ ಬೇರೆ ತರಬೇತಿ ಬೇಕಿತ್ತು. ಸೆಪ್ಟೆಂಬರಿನಲ್ಲಿ ಕೆಲಸ ಸಿಕ್ಕಿತು.

ಆ ಸುದ್ದಿ ಹೇಳಲು ಕಾರ್ನ್‌ವಾಲ್‌ಗೆ ಫೋನ್ ಮಾಡಿದೆ. ಮಗ ಎತ್ತಿಕೊಂಡ. ಅಮ್ಮನಿಗೆ ಈಗ ಫೋನಿನಲ್ಲಿ ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ, ಗಾಬರಿಯಾಗುತ್ತಾರೆ, ನಾನೇ ಹೇಳುತ್ತೇನೆ ಅಂದ. ಹೇಳಿದನೋ ಇಲ್ಲವೋ ತಿಳಿಯದು. ಪಕ್ಕದ ಮನೆಗೆ ಆಗಲೇ ಹೊಸಬರು ಬಂದಿದ್ದರು, ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬೆಳಿಗ್ಗೆ ನಾನು ಬಸ್ಸಿಗೆ ಓಡುವ ಹೊತ್ತಿಗೇ ಅವರೂ ಕಾರು ತೆಗೆಯುತ್ತಿದ್ದರು. ಪರಸ್ಪರ ಕೈ ಬೀಸುತ್ತಿದ್ದೆವು.